ಹಣ ಹೋದಾಗ ಮೌನವೇಕೆ?

ಮನೆಗೆ ಕನ್ನ ಬಿದ್ದರೆ ನೆರೆಹೊರೆಯನ್ನೆಲ್ಲ ಕೂಗಿ ಎಬ್ಬಿಸುವ ನಾವು, ದೂರವಾಣಿಯ ಮೂಲಕ ಬ್ಯಾಂಕಿನ ಹಣ ಅಪಹೃತವಾದಾಗ ಮಾತ್ರ ಮಕ್ಕಳಿಗೂ ತಿಳಿಸದೆ ನಾಚಿ ಸುಮ್ಮನಿರುತ್ತೇವೆ. ಮುಂಬಯಿ, ಪುಣೆಗಳಲ್ಲಿ ನಿವೃತ್ತರಾಗಿ ನೆಲೆಸಿರುವ ನಮ್ಮ ಹಿರಿಯರಲ್ಲಿ ಈ ಸಂಕೋಚ ಇನ್ನೂ ಹೆಚ್ಚೆಂದೇ ನನ್ನ ಎಣಿಕೆ. “ಇಷ್ಟು ಓದಿದವರು ಹೀಗೆ ಮಾಡಿದಿರಾ?” ಎಂಬ ಮಕ್ಕಳ ಮೊದಲ ಪ್ರಶ್ನೆಗೆ ಹೆದರದವರಾರು! ವಂಚಕನಿಗೆ ಬೇಕಾದುದೂ ಈ ಮೌನವೇ. ಪರದೆಯ ಮೇಲೆ ಖಾಕಿ ತೊಟ್ಟು ‘ಡಿಜಿಟಲ್ ಬಂಧನ’ವೆಂದು ಗದರಿಸುವವನು, ಯಾರಿಗೂ ಹೇಳಕೂಡದೆಂದು ಮೊದಲೇ ಕಟ್ಟಪ್ಪಣೆ ಮಾಡುತ್ತಾನೆ. ಅಂಥ ಬಂಧನವು ನಮ್ಮ ಕಾನೂನಿನಲ್ಲಿಯೇ ಇಲ್ಲ.

ಅಪಹೃತ ಹಣವು ಒಂದೆಡೆ ನಿಲ್ಲದೆ ಖಾತೆಯಿಂದ ಖಾತೆಗೆ ಹರಿದು ಕಡೆಗೆ ನಗದಾಗಿ ಮಾಯವಾಗುತ್ತದೆ. ಕೂಡಲೇ 1930 ಎಂಬ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿಗೆ ಕರೆ ಮಾಡಿದರೆ, ದಾರಿಯಲ್ಲಿರುವ ಹಣವನ್ನು ಬ್ಯಾಂಕುಗಳು ತಡೆಹಿಡಿಯುವ ಸಾಧ್ಯತೆಯುಂಟು. ಗಂಟೆಗಳು ಕಳೆದಂತೆ ಆ ಸಾಧ್ಯತೆ ಕ್ಷೀಣಿಸುತ್ತದೆ. ಆದುದರಿಂದ ಮೊದಲು ಕರೆಯಾಗಲಿ, ಮನೆಯೊಳಗಿನ ವಿಚಾರಣೆ ಆಮೇಲಿರಲಿ. ತಮ್ಮ ಬ್ಯಾಂಕಿಗೂ ಆಗಲೇ ದೂರು ಕೊಟ್ಟು, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಗ್ರಾಹಕನು ತಾನಾಗಿಯೇ ಗುಪ್ತಸಂಖ್ಯೆಯನ್ನು ಹೇಳಿಬಿಟ್ಟಿದ್ದರೂ, ಬ್ಯಾಂಕಿಗೆ ತಿಳಿಸಿದ ತರುವಾಯ ಸಂಭವಿಸುವ ನಷ್ಟವು ಬ್ಯಾಂಕಿನದೇ ಎಂದು ರಿಸರ್ವ್ ಬ್ಯಾಂಕು 2017ರ ಜುಲೈ ತಿಂಗಳ ಸುತ್ತೋಲೆಯಲ್ಲಿ ವಿಧಿಸಿತು.