ಬ್ರೇಕ್ ಪ್ಯಾಡಿಗೂ ಹೊಣೆಗಾರರಿರಲಿ



ಪ್ರತಿ ಜನವರಿಯಲ್ಲಿ ರಸ್ತೆ ಸುರಕ್ಷತಾ ಮಾಸದ ಹೆಸರಿನಲ್ಲಿ ಜಾಥಾ, ಭಾಷಣ ನಡೆಯುತ್ತವೆ. ಹೆಲ್ಮೆಟ್, ಸೀಟ್ ಬೆಲ್ಟ್, ವೇಗಮಿತಿಯ ಬಗ್ಗೆ ಹೇಳುತ್ತಾರೆ, ಹೇಳಲೇಬೇಕು. ಆದರೆ ಓಡುವ ಗಾಡಿಯನ್ನು ನಿಲ್ಲಿಸುವ ಬ್ರೇಕ್ ಪ್ಯಾಡ್ ಅಂಗಡಿಯಲ್ಲಿ ಎಂಥದ್ದು ಸಿಗುತ್ತಿದೆ ಎಂಬ ಮಾತು ಅಲ್ಲಿ ಕೇಳಿಬರುವುದಿಲ್ಲ. ಸ್ವಂತ ಬಳಕೆಯ ಕಾರಿಗೆ ನೋಂದಣಿಯಾದ ಮೇಲೆ 15 ವರ್ಷ ಎಫ್‌ಸಿ (ವಾಹನದ ಫಿಟ್‌ನೆಸ್ ತಪಾಸಣೆ) ಮಾಡಿಸಬೇಕಿಲ್ಲ. ಹೊಗೆ ತಪಾಸಣೆಯಲ್ಲಿ ಬ್ರೇಕ್ ನೋಡುವುದಿಲ್ಲ. ಅಷ್ಟೂ ವರ್ಷ ಆ ಕಾರಿನಲ್ಲಿ ಕೂತವರ ಮತ್ತು ಅದರ ಎದುರು ರಸ್ತೆ ದಾಟುವವರ ಜೀವ, ಮೆಕ್ಯಾನಿಕ್ ಹಾಕಿದ ಪ್ಯಾಡನ್ನು ನಂಬಿಕೊಂಡಿರುತ್ತದೆ.

ಪ್ಯಾಡ್ ಸವೆದಾಗ ಗ್ಯಾರೇಜಿನಲ್ಲಿ ಕೇಳುವ ಪ್ರಶ್ನೆ ಒಂದೇ: "ಕಂಪನಿದು ಹಾಕ್ಲಾ ಸಾರ್, ಹೊರಗಡೇದು ಹಾಕ್ಲಾ?" ಕಂಪನಿ ಮಾಲು ಬಿಟ್ಟು ಮಿಕ್ಕಿದ್ದೆಲ್ಲ ಅಪಾಯ ಎಂದು ಶೋರೂಂನವರು ಹೆದರಿಸುತ್ತಾರೆ. ಎಲ್ಲಾ ಒಂದೇ, ಅವರು ಡಬ್ಬಿಗೆ ದುಡ್ಡು ತಗೊಳ್ತಾರೆ ಎಂದು ಹೊರಗಿನವರು ಸಮಾಧಾನ ಹೇಳುತ್ತಾರೆ. ಎರಡನ್ನೂ ನಾನು ಒಪ್ಪುವುದಿಲ್ಲ.

ಕಾರು ಕಂಪನಿಗಳು ಸಾಮಾನ್ಯವಾಗಿ ಪ್ಯಾಡನ್ನು ತಾವೇ ತಯಾರಿಸುವುದಿಲ್ಲ. ಚೆನ್ನೈನ ಬ್ರೇಕ್ಸ್ ಇಂಡಿಯಾ, ರಾಣೆಯಂಥ ಬಿಡಿಭಾಗ ತಯಾರಕರಿಂದ ಕೊಳ್ಳುತ್ತವೆ. ಇಂಥ ತಯಾರಕರು ತಮ್ಮದೇ ಹೆಸರಿನ ಡಬ್ಬಿಯಲ್ಲೂ ಪ್ಯಾಡ್ ಮಾರುತ್ತಾರೆ. ಎರಡರ ಮಿಶ್ರಣ ಒಂದೇ ಇರಲೇಬೇಕೆಂದಿಲ್ಲ. ಆದರೆ ಎರಡರ ಹಿಂದೆಯೂ ಒಂದು ಕಾರ್ಖಾನೆ, ಒಂದು ಪರೀಕ್ಷೆ, ದೂರು ಕೊಡಲು ಒಂದು ವಿಳಾಸ ಇರುತ್ತದೆ. ನಿಜವಾದ ಅಪಾಯ ಇರುವುದು ವಿಳಾಸವೇ ಇಲ್ಲದ ಮಾಲಿನಲ್ಲಿ ಮತ್ತು ಹೆಸರಾಂತ ಕಂಪನಿಯ ಡಬ್ಬಿಯನ್ನೇ ಅಚ್ಚುಹಾಕಿ ತುಂಬಿದ ಡುಪ್ಲಿಕೇಟಿನಲ್ಲಿ.

ಈ ಡುಪ್ಲಿಕೇಟನ್ನು ಗ್ರಾಹಕ ಓಡಿಸಿ ನೋಡಿ ಕಂಡುಹಿಡಿಯಲಾರ. ಊರೊಳಗೆ 30–40 ಕಿ.ಮೀ. ವೇಗದಲ್ಲಿ ಕಳಪೆ ಪ್ಯಾಡೂ ಗಾಡಿ ನಿಲ್ಲಿಸುತ್ತದೆ. ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಯಲ್ಲಿ ತಿರುವು ತಿರುವಿಗೂ ಬ್ರೇಕ್ ತುಳಿಯುತ್ತಾ ಇಳಿದಾಗ ಡಿಸ್ಕ್ ಕಾಯುತ್ತದೆ, ಪ್ಯಾಡನ್ನು ಹಿಡಿದಿಟ್ಟ ರಾಳ ಸುಟ್ಟು ಅನಿಲ ಹೊಮ್ಮುತ್ತದೆ, ಹಿಡಿತ ತಗ್ಗುತ್ತದೆ. ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಒಳ್ಳೆಯ ಪ್ಯಾಡಿಗೂ ಬಿಸಿಯ ಮಿತಿ ಇದೆ, ಆದರೆ ಅದನ್ನು ಪರೀಕ್ಷಿಸಿ ಗೊತ್ತುಮಾಡಿರುತ್ತಾರೆ. ಗ್ರಾಹಕನ ಕಣ್ಣಿಗೆ ಕಾಣದ ದೋಷವನ್ನು ಸರ್ಕಾರವೇ ತಡೆಯಬೇಕು. "ನೋಡಿ ಕೊಳ್ಳಿ" ಎಂಬ ಬುದ್ಧಿಮಾತು ಇಲ್ಲಿ ಸಾಲದು.

ಡುಪ್ಲಿಕೇಟ್ ಹಾವಳಿಯಲ್ಲಿ ಕಾರು ಕಂಪನಿಗಳ ಪಾಲೂ ಇದೆ. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಅಸಲಿ ಬಿಡಿಭಾಗಗಳು ಹೊರಗಿನ ಗ್ಯಾರೇಜುಗಳಿಗೆ ಮುಕ್ತವಾಗಿ ಸಿಗದಂತೆ ಮಾಡಿವೆ ಎಂಬುದು ಆಯೋಗದ ತೀರ್ಮಾನ. ಹೊರಗೆ ರಿಪೇರಿ ಮಾಡಿಸಿದರೆ ವಾರಂಟಿ ಇಲ್ಲ ಎನ್ನುವ ಷರತ್ತಿಗೂ ಅದು ಆಕ್ಷೇಪಿಸಿತು. ಪ್ರಕರಣ ಮೇಲ್ಮನವಿಗೆ ಹೋದರೂ ಆಯೋಗ ಎತ್ತಿದ ಪ್ರಶ್ನೆ ಇಂದಿಗೂ ಸರಿ. ಅಸಲಿ ಮಾಲು ಕೈಗೆಟುಕದ ಕಡೆ ನಕಲಿ ಮಾಲಿಗೆ ಗಿರಾಕಿ ಹೆಚ್ಚುತ್ತಾರೆ.

ಯುರೋಪಿನಲ್ಲಿ ವಿಶ್ವಸಂಸ್ಥೆಯ 90ನೇ ನಿಯಮದ ಪ್ರಕಾರ ಬದಲಿ ಪ್ಯಾಡಿನ ಹಿಡಿತ ಮೂಲ ಪ್ಯಾಡಿನ ಶೇ 15ರ ಅಂತರದೊಳಗೆ ಇರಬೇಕು. ಪರೀಕ್ಷೆಯಲ್ಲಿ ಪಾಸಾದ ಪ್ಯಾಡಿನ ಮೇಲೆ 'ಇ' ಗುರುತು ಬೀಳುತ್ತದೆ. ಅಲ್ಲಿಯ ಗ್ರಾಹಕ ಯಾವ ಬ್ರ್ಯಾಂಡನ್ನಾದರೂ ಧೈರ್ಯವಾಗಿ ಕೊಳ್ಳಬಹುದು. ನಮ್ಮಲ್ಲಿ ಕಾನೂನೇ ಇಲ್ಲವೆಂದಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 182ಎ ಸೆಕ್ಷನ್ ಪ್ರಕಾರ, ಸುರಕ್ಷತೆಗೆ ಅತ್ಯಗತ್ಯವೆಂದು ಕೇಂದ್ರ ಸರ್ಕಾರ ಅಧಿಸೂಚಿಸಿದ ಬಿಡಿಭಾಗವನ್ನು ನಿಯಮ ಮೀರಿ ಮಾರಿದರೆ ಒಂದು ವರ್ಷದವರೆಗೆ ಜೈಲು, ಅಥವಾ ಪ್ರತಿ ಬಿಡಿಭಾಗಕ್ಕೆ ಒಂದು ಲಕ್ಷ ರೂಪಾಯಿ ದಂಡ, ಅಥವಾ ಎರಡೂ ವಿಧಿಸಬಹುದು. ಇಷ್ಟು ಬಿಗಿಯಾದ ಕಾನೂನು ಅಂಗಡಿಯ ಕೌಂಟರಿನವರೆಗೆ ಬರಬೇಕು.

ನನ್ನ ಕಾರಿಗೆ ಪ್ಯಾಡ್ ಹಾಕಿಸಿದಾಗ ಗ್ಯಾರೇಜಿನವರು ಕೊಟ್ಟ ಬಿಲ್ಲಿನಲ್ಲಿ "ಬ್ರೇಕ್ ಪ್ಯಾಡ್, ಒಂದು ಸೆಟ್" ಎಂದಷ್ಟೇ ಇತ್ತು. ತಯಾರಕರ ಹೆಸರಿಲ್ಲ, ಪಾರ್ಟ್ ನಂಬರಿಲ್ಲ. ನಾಳೆ ಏನಾದರೂ ಆದರೆ ಯಾರನ್ನು ಕೇಳಬೇಕು? ಹತ್ತು ರೂಪಾಯಿಯ ಮಾತ್ರೆಗೂ ಔಷಧದಂಗಡಿಯವರು ಬ್ಯಾಚ್ ನಂಬರ್ ಹಾಕಿ ಬಿಲ್ ಕೊಡುತ್ತಾರೆ. ಬಿಡಿಭಾಗಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿದಿದೆ. ಬಿಲ್ ಬೇಡವೆಂದರೆ ಕಡಿಮೆಗೆ ಕೊಡುತ್ತೇವೆ ಎನ್ನುವ ಆಸೆಗೆ ಬೀಳಲು ಈಗ ಕಾರಣವೂ ಕಡಿಮೆ.

ರಾಜ್ಯದ ಸಾರಿಗೆ ಇಲಾಖೆ ಮತ್ತು ಕಾನೂನು ಮಾಪನಶಾಸ್ತ್ರ ಇಲಾಖೆ ಒಟ್ಟಾಗಿ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರಗಳವರೆಗೆ ಅಂಗಡಿಗಳಲ್ಲಿ ಪ್ಯಾಡಿನ ಮಾದರಿ ಸಂಗ್ರಹಿಸಿ ಪರೀಕ್ಷೆ ಮಾಡಿಸಲಿ, ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸಲಿ. ಪ್ರಾಮಾಣಿಕ ವ್ಯಾಪಾರಿಗಳಿಗೂ ಇದರಿಂದ ಒಳ್ಳೆಯದೇ. ಬಿಲ್ಲಿನಲ್ಲಿ ತಯಾರಕರ ಹೆಸರು, ಪಾರ್ಟ್ ನಂಬರ್, ಬ್ಯಾಚ್ ನಂಬರ್ ಕಡ್ಡಾಯವಾಗಲಿ. ಪರೀಕ್ಷೆಯಾದ ಪ್ಯಾಡಿಗೆ ಯಾರಿಗೂ ಸುಲಭವಾಗಿ ತಿಳಿಯುವ ಒಂದೇ ಗುರುತನ್ನು ಕೇಂದ್ರ ಸರ್ಕಾರ ತರಲಿ.

ಓದುಗರಲ್ಲೂ ಒಂದು ವಿನಂತಿ. ಘರ್ಷಣೆಯ ಪದರ 3 ಮಿ.ಮೀ.ಗೆ ಬರುವಷ್ಟರಲ್ಲಿ ಪ್ಯಾಡ್ ಬದಲಿಸಿ. ಎಡ–ಬಲ ಚಕ್ರಗಳಿಗೆ ಒಟ್ಟಿಗೇ ಹಾಕಿಸಿ. ಡಬ್ಬಿಯನ್ನು ನಿಮ್ಮೆದುರೇ ತೆರೆಯಲು ಹೇಳಿ, ಹಳೆಯ ಪ್ಯಾಡನ್ನು ಕೇಳಿ ನೋಡಿ, ವಿವರವಿರುವ ಬಿಲ್ ಪಡೆಯಿರಿ. ಕೊಡದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡಿ. ಶೋರೂಂನದೇ ಆಗಲಿ, ಹೊರಗಿನದೇ ಆಗಲಿ, ತಯಾರಿಸಿದವರ ಹೆಸರು, ವಿಳಾಸ ಇಲ್ಲದ ಪ್ಯಾಡನ್ನು ದಯವಿಟ್ಟು ನಿಮ್ಮ ಕಾರಿಗೆ ಹಾಕಿಸಬೇಡಿ.

— ಒಬ್ಬ ಓದುಗ, ಸಕಲೇಶಪುರ