ಸಾಧಾರಣ ಕ್ವಾರ್ಟರ್‌ಬ್ಯಾಕ್ ಸಾಕು, ಸಂಬಳವೂ ಸಾಧಾರಣವಾಗಿದ್ದರೆ



ಅಮೆರಿಕನ್ ಫುಟ್‌ಬಾಲ್ ನೋಡುವವರು ನಮ್ಮಲ್ಲಿ ನಾಲ್ಕೈದು ಜನ ಇರಬಹುದು. ಸೂಪರ್ ಬೌಲ್ ಇದ್ದರೆ ಸೋಮವಾರ ಬೆಳಿಗ್ಗೆ ಐದಕ್ಕೇ ಎದ್ದು ಮೊಬೈಲ್ ಹಿಡಿಯುವವರು! ಅವರದು ಒಂದೇ ಹಾಡು: ದೊಡ್ಡ ಕ್ವಾರ್ಟರ್‌ಬ್ಯಾಕ್ ಇಲ್ಲದ ತಂಡ ಗೆಲ್ಲುವುದಿಲ್ಲ. ನಾನು ಒಪ್ಪುವುದಿಲ್ಲ.

ದಾಳಿ ಮಾಡುವಾಗ ಹೆಚ್ಚುಕಡಿಮೆ ಪ್ರತಿ ಸಲವೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಎಸೆಯುವುದೋ, ಓಡುವವನಿಗೆ ಕೊಡುವುದೋ ಅವನ ಕೈಯಲ್ಲಿದೆ. ಅದಕ್ಕೇ ಗೆದ್ದರೆ ಹಾರ, ಸೋತರೆ ಬೈಗುಳ. ಆದರೆ ಚೆಂಡು ಎದುರಾಳಿಯ ಬಳಿ ಇದ್ದಾಗ ಅವನು ಗೆರೆಯಾಚೆ ನಿಂತು ನಮ್ಮ ಹಾಗೆಯೇ ನೋಡುತ್ತಿರುತ್ತಾನೆ. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

2000ರ ಬಾಲ್ಟಿಮೋರ್ ರೇವನ್ಸ್ ತಂಡವನ್ನು ನೋಡಿ. ಸತತ ಐದು ಪಂದ್ಯಗಳಲ್ಲಿ ಒಂದೇ ಒಂದು ಟಚ್‌ಡೌನ್ ಇಲ್ಲ! ಆದರೂ ಅವುಗಳಲ್ಲಿ ಎರಡನ್ನು ಬರೀ ಫೀಲ್ಡ್ ಗೋಲ್‌ಗಳಿಂದಲೇ ಗೆದ್ದರು. ನಡುವೆ ಕ್ವಾರ್ಟರ್‌ಬ್ಯಾಕ್ ಬದಲಾಗಿ ಟ್ರೆಂಟ್ ಡಿಲ್ಫರ್ ಬಂದ. ಅವನೂ ಸಾಧಾರಣ ಆಟಗಾರನೇ. ಆದರೆ ರೇ ಲೂಯಿಸ್ ಇದ್ದ ರಕ್ಷಣಾ ಪಡೆ 16 ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು 165 ಅಂಕ ಮಾತ್ರ. ಸೂಪರ್ ಬೌಲ್‌ನಲ್ಲಿ ಡಿಲ್ಫರ್‌ನ 25 ಎಸೆತಗಳಲ್ಲಿ ಗುರಿ ಮುಟ್ಟಿದ್ದು 12. ಫಲಿತಾಂಶ 34-7. ಆ 7 ಕೂಡ ಕಿಕ್‌ಆಫ್ ಚೆಂಡನ್ನು ಹಿಡಿದು ಓಡಿ ಬಂದದ್ದು, ರಕ್ಷಣಾ ಪಡೆಯ ಎದುರು ಬಂದದ್ದಲ್ಲ. ಇಷ್ಟಾದ ಮೇಲೆ ತಂಡ ಡಿಲ್ಫರ್‌ನನ್ನೇ ಬಿಟ್ಟು ಎಲ್ವಿಸ್ ಗ್ರ್ಬಾಕ್‌ನನ್ನು ತಂದಿತು. ಮುಂದಿನ ಪ್ಲೇಆಫ್‌ನಲ್ಲಿ ಪಿಟ್ಸ್‌ಬರ್ಗ್ ಎದುರು ಸೋತು ಮನೆಗೆ ಹೋಯಿತು. ನನಗೆ ಇವತ್ತಿಗೂ ಅರ್ಥವಾಗದ ತೀರ್ಮಾನ ಇದು.

ಹಳೆಯ ಕಥೆ ಎನ್ನುತ್ತೀರಾ? 2015ರ ಪೇಟನ್ ಮ್ಯಾನಿಂಗ್ ಹೆಸರಿಗೆ ದಿಗ್ಗಜ. ಆದರೆ ಆ ಲೀಗ್‌ನಲ್ಲಿ 9 ಟಚ್‌ಡೌನ್ ಎಸೆತ, ಎದುರಾಳಿಗೆ ಸಿಕ್ಕ ಎಸೆತ 17. ಅದು ಸಾಧಾರಣಕ್ಕಿಂತಲೂ ಕಡಿಮೆ. ಆದರೂ ಡೆನ್ವರ್ ಸೂಪರ್ ಬೌಲ್ ಗೆದ್ದಿತು, ಅದೂ ಆ ವರ್ಷದ ಅತ್ಯಂತ ಮೌಲ್ಯಯುತ ಆಟಗಾರ ಕ್ಯಾಮ್ ನ್ಯೂಟನ್‌ನ ತಂಡದ ಎದುರು.

ಟಾಮ್ ಬ್ರೇಡಿ ಏಳು ಸಲ ಗೆದ್ದಿಲ್ಲವೇ ಎಂದು ಕೇಳುವವರಿದ್ದಾರೆ. ಗೆದ್ದಿದ್ದಾನೆ. ದೊಡ್ಡ ಕ್ವಾರ್ಟರ್‌ಬ್ಯಾಕ್ ಹದಿನೈದು ವರ್ಷ ಉಳಿಯಬಹುದು, ರಕ್ಷಣಾ ಪಡೆ ಅಷ್ಟು ಕಾಲ ಹಾಗೆಯೇ ಇರುವುದಿಲ್ಲ. ಇದನ್ನು ಒಪ್ಪಲೇಬೇಕು. ಆದರೆ ತಂಡಗಳು 32, ಬ್ರೇಡಿ ಒಬ್ಬನೇ. ಅವನನ್ನೂ 2000ರ ಡ್ರಾಫ್ಟ್‌ನಲ್ಲಿ ಆರಿಸಿದ್ದು 199ನೆಯವನಾಗಿ. ಉಳಿದ ತಂಡಗಳು ಏನು ಮಾಡಬೇಕು?

ಅವು ಮಾಡುವುದು ಇದು: ಸಾಧಾರಣ ಆಟಗಾರನಿಗೆ ದಿಗ್ಗಜನ ಸಂಬಳ ಕೊಡುವುದು. ನಿಜವಾದ ತಪ್ಪು ಇಲ್ಲಿದೆ. ಪ್ರತಿ ತಂಡದ ಸಂಬಳಕ್ಕೂ ಮಿತಿ ಇದೆ. 2023ರಲ್ಲಿ ಅದು 22.48 ಕೋಟಿ ಡಾಲರ್. 53 ಜನ ಅದರಲ್ಲೇ ಹಂಚಿಕೊಳ್ಳಬೇಕು. ಆ ವರ್ಷ ನ್ಯೂಯಾರ್ಕ್ ಜೈಂಟ್ಸ್ ಡೇನಿಯಲ್ ಜೋನ್ಸ್‌ಗೆ ನಾಲ್ಕು ವರ್ಷಕ್ಕೆ 16 ಕೋಟಿಯ ಒಪ್ಪಂದ ಕೊಟ್ಟಿತು. ಅವನ ಮೊಣಕಾಲಿನ ಗಾಯವೂ ಸೇರಿಕೊಂಡಿತು, ನಿಜ. ಆದರೆ 2024ರ ನವೆಂಬರ್‌ನಲ್ಲಿ, ಒಪ್ಪಂದದ ಅರ್ಧವೂ ಮುಗಿಯುವ ಮೊದಲೇ, ಅದೇ ತಂಡ ಅವನನ್ನು ಕೈಬಿಟ್ಟಿತು.