ದೂರು ಬರೆಯುವವರಾರು?

ನೀಲಗಿರಿಯ ನಡುವಟ್ಟಂ ಪರಿಸರದ ಚಹಾ ತೋಟಗಳಲ್ಲಿ ಎಲೆ ಕೀಳುವ ಕೈ ಹೆಂಗಸರದು. ಎಲೆ ತೂಗಿ ಹಾಜರಿ ಹಾಕುವ ಕೈ ಹೆಚ್ಚಾಗಿ ಗಂಡಸರದು. ಹಾಜರಿ ಹಾಕುವವನೇ ಲೈಂಗಿಕ ಕಿರುಕುಳ ಕೊಟ್ಟರೆ ಹೇಳುವುದಾರಿಗೆ?

1997ರ ವಿಶಾಖಾ ತೀರ್ಪಿನ ಬಳಿಕ 2013ರಲ್ಲಿ ಬಂದ ಶಾಸನ ಇದಕ್ಕೆ ಉತ್ತರ ನೀಡಿದೆ. 10 ಅಥವಾ ಹೆಚ್ಚು ಮಂದಿ ದುಡಿಯುವಲ್ಲಿ ಮಹಿಳೆಯ ಅಧ್ಯಕ್ಷತೆಯ ಆಂತರಿಕ ಸಮಿತಿ ಕಡ್ಡಾಯ. ಅದಕ್ಕಿಂತ ಸಣ್ಣ ಕಡೆಗಳಿಗೆ, ಮಾಲಿಕನ ಮೇಲಿನ ದೂರಿಗೆ ಜಿಲ್ಲೆಯ ಸ್ಥಳೀಯ ಸಮಿತಿಯಿದೆ. ಮೂರು ತಿಂಗಳೊಳಗೆ ದೂರು ಕೊಡಬೇಕು. ಬರೆಯಲಾಗದವಳಿಗೆ ದೂರು ಬರೆಯಲು ನೆರವಾಗುವುದು ಸಮಿತಿಯದೇ ಹೊಣೆ.

ಆದರೆ ಸಮಿತಿಯ ಸೂಚನಾಫಲಕ ಆಕೆ ಓದಲಾರದ ಲಿಪಿಯಲ್ಲಿದ್ದರೆ ಫಲವೇನು? ಕನ್ನಡಿಗರು ದುಡಿಯುವ ಕಡೆಗಳಲ್ಲಿ, ಅಲ್ಲಾಗಲಿ ನಮ್ಮ ಜಿಲ್ಲೆಯಲ್ಲಾಗಲಿ, ಫಲಕ ಕನ್ನಡದಲ್ಲೂ ಇರಲಿ, ದೂರು ಕನ್ನಡದಲ್ಲೂ ಸ್ವೀಕೃತವಾಗಲಿ. ಮನೆಯವರೂ ಮಾನ ಹೋದೀತೆಂದು ಆಕೆಯ ಬಾಯಿ ಮುಚ್ಚಿಸದಿರಲಿ. ಮಾನ ಹೋಗಬೇಕಾದುದು ಕಿರುಕುಳ ಕೊಟ್ಟವನದು.